ಯಾರ ಕೈಯನ್ನಾದರೂ ಹಿಡಿಯುವ ಹುಡುಗ

ಮಾರ್ಚ್ 11

ಇದನ್ನು ನಾಲ್ಕು ವರ್ಷದಿಂದ ಯಾರಿಗೂ ಹೇಳಿಲ್ಲ. ಇವತ್ತು ಬರೆದುಬಿಡುತ್ತೇನೆ. ಬರೆಯದಿದ್ದರೆ ಆ ಹುಡುಗನ ಮುಖ ನೋಡಲು ಆಗುತ್ತಿಲ್ಲ.

ನಮ್ಮ ಮನೆಗೆ ಬಂದಿರುವ ಹುಡುಗ ಯಾರ ಮಗ ಎಂದು ನನಗೆ ಗೊತ್ತು. ಅಮ್ಮನಿಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ.

ಹತ್ತನೇ ತರಗತಿಯಲ್ಲಿ ಶಾಲೆ ಬಿಟ್ಟು ನಾನು ಮಾಸ್ಕೋಗೆ ಹೋದೆ. ಬೆಂಚಿನ ಮೇಲೆ ಕೂತರೆ ಕಾಲು ತುರಿಸುತ್ತಿತ್ತು. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ. ಅಲ್ಲಿ ಒಂದು ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದೆ. ಮೂರು ಕೋಣೆಯ ಮನೆಯಲ್ಲಿ ಹದಿನೆಂಟು ಹೆಂಗಸರು ಮಲಗುತ್ತಿದ್ದೆವು. ನನ್ನ ಪಕ್ಕದ ಹಾಸಿಗೆ ನುರ್ಕಿಜ್‌ಳದು. ನಮ್ಮ ಅತ್-ಬಾಶಿ ಕಣಿವೆಯವಳೇ, ನನಗಿಂತ ಮೂರು ವರ್ಷ ದೊಡ್ಡವಳು. ಒಡಹುಟ್ಟಿದ ಅಕ್ಕನ ಹಾಗೆ ಅವಳನ್ನು ಎಜೆ ಎಂದೇ ಕರೆಯುತ್ತಿದ್ದೆ. ಮದುವೆಯಾಗಿರಲಿಲ್ಲ, ಬಸುರಾಗಿದ್ದಳು. ಫೆಬ್ರವರಿಯ ಹಿಮದಲ್ಲಿ ಅವಳನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದವಳು ನಾನು.

ಹೆತ್ತ ಮೂರನೆಯ ದಿನ ನರ್ಸು ಎರಡು ಕಾಗದ ತಂದಳು. ಒಂದು, ಮಗುವನ್ನು ಆರು ತಿಂಗಳು ಸರ್ಕಾರದ ಮನೆಯಲ್ಲಿ ಬಿಟ್ಟಿರಲು. ಇನ್ನೊಂದು, ಮಗುವನ್ನು ಪೂರ್ತಿಯಾಗಿ ಬಿಟ್ಟುಕೊಡಲು. ನುರ್ಕಿಜ್‌ಗೆ ರಷ್ಯನ್ ಓದಲು ಬರುವುದಿಲ್ಲ. ನನಗೆ ಬರುತ್ತದೆ. ನಾನು ಎರಡನೆಯದನ್ನು ಅವಳ ಮುಂದಿಟ್ಟೆ.

“ಆರು ತಿಂಗಳಿಗೆ ಅಷ್ಟೇ, ಎಜೆ. ಆಮೇಲೆ ಬಂದು ಕರ್ಕೊಂಡು ಹೋಗ್ಬಹುದು,” ಅಂದೆ. ಅವಳು ಸಹಿ ಹಾಕಿದಳು.

ಗೊತ್ತಿದ್ದೇ ಮಾಡಿದೆ. ಕೂಸು ಹೊತ್ತು ಬಂದರೆ ಇಬ್ಬರನ್ನೂ ಹೊರಗೆ ಹಾಕುತ್ತೇನೆ ಎಂದು ಮನೆಯ ಯಜಮಾನಿ ಹೇಳಿದ್ದಳು. ಆರು ತಿಂಗಳಾದ ಮೇಲೂ ಇದೇ ರಗಳೆ ಮತ್ತೆ ಶುರುವಾಗುತ್ತದೆ, ಒಂದೇ ಸಲಕ್ಕೆ ಮುಗಿದುಹೋಗಲಿ ಅನಿಸಿತು. ವಾಪಸು ಬರುವಾಗ ಅವಳ ಚೀಲ ನನ್ನ ಹೆಗಲ ಮೇಲಿತ್ತು. ಅದರಲ್ಲಿ ಕೂಸಿಗೆಂದು ಹೊಲಿದಿದ್ದ ಟೋಪಿ ಹಾಗೇ ಇತ್ತು.

ಅಂದಿನಿಂದ ನಾನು ಸುಳ್ಳು ಹೇಳಿಲ್ಲ. ಸಣ್ಣದನ್ನೂ ಹೇಳಿಲ್ಲ. ಊರಿನಲ್ಲಿ ನನ್ನನ್ನು ಒರಟು ಬಾಯಿಯವಳು ಅನ್ನುತ್ತಾರೆ. ಅನ್ನಲಿ.

ನನ್ನ ಹೆಸರು ಬುರುಲ್. ‘ತಿರುಗು’ ಅಂತ ಅರ್ಥ. ಮೂರನೆಯದೂ ಹೆಣ್ಣಾದ ಮೇಲೆ ಮುಂದಿನದು ಗಂಡಾಗಲಿ ಎಂದು ಇಟ್ಟದ್ದು. ಮುಂದೆ ಯಾವುದೂ ಬರಲಿಲ್ಲ. ಅಕ್ಕಂದಿರಿಬ್ಬರೂ ಮದುವೆಯಾಗಿ ಹೋದರು. ಮಾಸ್ಕೋದ ಅನಾಥಾಲಯಗಳಲ್ಲಿ ನಮ್ಮ ಜನರ ಮಕ್ಕಳಿದ್ದಾರೆ, ಸಾಕುವವರಿದ್ದರೆ ಕೊಡುತ್ತಾರೆ ಎಂದು ಕೇಳಿ ಅಮ್ಮ ಎರಡು ವರ್ಷ ದತ್ತು ಕಚೇರಿಗೆಂದು ರಾಜಧಾನಿ ಬಿಷ್ಕೆಕ್‌ಗೆ ಅಲೆದಳು. ಕೊನೆಗೆ ಮೂರು ಮಕ್ಕಳ ಫೋಟೋ ತೋರಿಸಿದರು. ಆ ದಿನ ನಾನೂ ಜೊತೆಗಿದ್ದೆ. ತಾಯಂದಿರ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದ್ದರು. ಆದರೆ ಹುಟ್ಟಿದ ತಾರೀಖು, ಆಸ್ಪತ್ರೆ, ತೂಕ ಎಲ್ಲ ಕಾಣುತ್ತಿತ್ತು. ಮೂರನೆಯ ಫೋಟೋದ ಮೇಲೆ ಬೆರಳಿಟ್ಟೆ. “ಇವನೇ,” ಅಂದೆ.

ಅಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಆ ಫೋಟೋ ಎತ್ತಿಕೊಂಡಳು.

ಹುಡುಗ ಬಂದು ಇವತ್ತಿಗೆ ಒಂಬತ್ತು ದಿನ. ನುರ್ಕಿಜ್ ಈಗ ಎಲ್ಲಿದ್ದಾಳೋ. ಅವಳ ಹಳೆಯ ನಂಬರಿಗೆ ಫೋನು ಹೋಗುವುದಿಲ್ಲ.

ಮಾರ್ಚ್ 14

ಅನಾಥಾಲಯದ ಕಾಗದದಲ್ಲಿ ಕೋಲ್ಯ ಎಂದಿತ್ತು. ಅಪ್ಪ ತುರ್ಸುನ್ ಎಂದು ಬರೆಸಿದ. ‘ಉಳಿಯಲಿ’ ಅಂತ. ಮಕ್ಕಳು ಉಳಿಯದ ಮನೆಗಳಲ್ಲಿ ಇಡುವ ಹೆಸರು ಅದು. ಗುಟ್ಟು ಗುಟ್ಟಾಗಿರಲೆಂದು ಕಚೇರಿಯವರು ಹುಟ್ಟಿದ ದಿನವನ್ನೂ ಬದಲಿಸಿಕೊಟ್ಟಿದ್ದಾರೆ. ಫೆಬ್ರವರಿ ಹೋಗಿ ಜುಲೈ ಹನ್ನೆರಡು ಬಂದಿದೆ.

ಅವನು ಬೆಳಿಗ್ಗೆ ಆರಕ್ಕೆ ಎದ್ದು ಹಾಸಿಗೆಯ ಅಂಚಿನಲ್ಲಿ ಮೊಣಕಾಲಿನ ಮೇಲೆ ಕೈಯಿಟ್ಟು ಕೂರುತ್ತಾನೆ. ಯಾರಾದರೂ ಹೇಳುವ ತನಕ ಏಳುವುದಿಲ್ಲ. ನೀರು ಕುಡಿಯಲು, ಉಚ್ಚೆ ಹೊಯ್ಯಲು, ಬಾಗಿಲು ದಾಟಲು ಎಲ್ಲದಕ್ಕೂ ರಷ್ಯನ್ನಿನಲ್ಲಿ “ಆಗಬಹುದಾ?” ಎಂದು ಕೇಳುತ್ತಾನೆ. ಅಳುವುದಿಲ್ಲ. ನಿನ್ನೆ ಮೆಟ್ಟಿಲಿನಿಂದ ಬಿದ್ದು ಗದ್ದದಲ್ಲಿ ರಕ್ತ ಬಂತು. ಗದ್ದ ಮುಟ್ಟಿಕೊಳ್ಳಲಿಲ್ಲ, ಯಾರಿಗೆ ಸಿಟ್ಟು ಬಂದಿದೆ ಎಂದು ಸುತ್ತ ನೋಡಿದ.

ಕಂಡ ಹೆಂಗಸರನ್ನೆಲ್ಲ ಅಮ್ಮ ಎನ್ನುತ್ತಾನೆ. ಅಮ್ಮನನ್ನು, ನನ್ನನ್ನು, ಪಕ್ಕದ ಮನೆಯ ಬಾತ್ಮಾ ಅಜ್ಜಿಯನ್ನು, ಅಂಚೆಯವಳನ್ನು. ಬಂದವರ ಕೈ ಹಿಡಿದುಕೊಂಡು ಒಳಗೆ ಕರೆದು ತರುತ್ತಾನೆ. ಅಜ್ಜಿಗೆ ಅದು ಬಹಳ ಹಿಡಿಸಿದೆ. ಅಮ್ಮನ ಮುಂದೆ ಹೊಗಳಿದಳು.

“ಎಂಥ ಮಗು ಸಿಕ್ಕಿದೆ ನೋಡು ನಿನಗೆ, ಸೈರಾ. ನನ್ನ ಮೊಮ್ಮಕ್ಕಳು ನೆಂಟರು ಬಂದ್ರೆ ಹಾಸಿಗೆ ರಾಶಿ ಹಿಂದೆ ಅಡಗ್ತವೆ. ಇವನು ಆಗ್ಲೇ ಮನೆ ಯಜಮಾನ.”

ಅಮ್ಮ ಉಬ್ಬಿಹೋದಳು. ಅವಳು ಊರಿನ ಶಿಶುವಿಹಾರದಲ್ಲಿ ಅಡುಗೆಯವಳು. ನಲವತ್ತು ಮಕ್ಕಳಿಗೆ ಗಂಜಿ ಬಡಿಸಿ ಬಂದು ಒಬ್ಬನಿಗೆ ಬಡಿಸುವಾಗ ಅವಳ ಮುಖವೇ ಬೇರೆ.

ಅಪ್ಪ ಕುರಿಗಳಿಗೆ ಸೂಜಿ ಹಾಕುವವನು. ಕುರಿ ಹಿಡಿದುಕೊಳ್ಳುವವಳು ನಾನು. ತಾಯಿ ಸತ್ತ ಮರಿ ಯಾವ ಕುರಿಯ ಕೆಚ್ಚಲಿಗಾದರೂ ಬಾಯಿ ಹಾಕುವುದನ್ನು ನೋಡಿದ್ದೇನೆ. ಅದನ್ನು ಯಾರೂ ಒಳ್ಳೆಯ ಗುಣ ಅನ್ನುವುದಿಲ್ಲ. ಅದನ್ನೇ ಅಂದೆ. ಅಮ್ಮ ಸೌಟು ಕೆಳಗಿಟ್ಟು ಎದ್ದು ಹೋದಳು.

ಮಾರ್ಚ್ 29

ಇವತ್ತು ಸಂತೆಯಲ್ಲಿ ತುರ್ಸುನ್ ಕಾಣೆಯಾದ. ಅಮ್ಮ ಈರುಳ್ಳಿ ಆರಿಸುತ್ತಿದ್ದಳು, ನಾನು ಹೊಸ ಬೂಟು ನೋಡುತ್ತಿದ್ದೆ. ತಿರುಗುವಷ್ಟರಲ್ಲಿ ಇಲ್ಲ. ನಾರಿನ್ ಪಟ್ಟಣಕ್ಕೆ ಹೋಗುವ ವ್ಯಾನಿನೊಳಗೆ ಸಿಕ್ಕ, ಹಳೆ ಬಟ್ಟೆ ಮಾರುವವಳೊಬ್ಬಳ ಪಕ್ಕ. ಅವಳ ಕೈ ಹಿಡಿದೇ ಇದ್ದ. ಯಾರದೋ ಮಗು, ತಾಯಿ ಹಿಂದಿನಿಂದ ಹತ್ತುತ್ತಾಳೆ ಎಂದುಕೊಂಡಳಂತೆ. ಚಾಲಕ ಗಾಡಿ ಚಾಲೂ ಮಾಡಿಯಾಗಿತ್ತು.

ಮನೆಗೆ ಬಂದು ಅಮ್ಮ ಇದನ್ನು ನಗುತ್ತ ಹೇಳಿದಳು. ಎಲ್ಲರೂ ಅವನಿಗೆ ನಮ್ಮವರೇ, ಅಂದಳು. ಅಪ್ಪ ನಗಲಿಲ್ಲ. ಗೇಟಿಗೆ ಒಳಗಿನಿಂದ ಒಂದು ಚಿಲಕ ಹಾಕಿದ, ಎತ್ತರದಲ್ಲಿ.

ಹುಡುಗ ಬಹಳ ಎಡವುತ್ತಾನೆ. ಅಲ್ಲಿ ನುಣ್ಣನೆ ನೆಲದ ಮೇಲೆ ಬೆಳೆದವನು, ಮಣ್ಣಿನ ಮೇಲೆ, ಕಲ್ಲಿನ ಮೇಲೆ ಕಾಲಿಡಲು ಬರುವುದಿಲ್ಲ. ಬಾತ್ಮಾ ಅಜ್ಜಿ ಅದಕ್ಕೆ ಬೇರೆ ಕಾರಣ ಹೇಳಿದಳು. ಮಗು ನಡೆಯಲು ಕಲಿತಾಗ ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿ, ಓಟದಲ್ಲಿ ಗೆದ್ದವರ ಕೈಯಿಂದ ಕತ್ತರಿಸಬೇಕು. ಇಲ್ಲದಿದ್ದರೆ ಜನ್ಮಪೂರ್ತಿ ಕಟ್ಟು ಕಾಲಿನಲ್ಲೇ ಉಳಿಯುತ್ತದೆ. “ಮಾಸ್ಕೋದಲ್ಲಿ ಇವನ ಕಟ್ಟು ಯಾರು ಕತ್ತರಿಸಿರ್ತಾರೆ?” ಅಂದಳು.

ಅಮ್ಮ ಆಗಲೇ ಎಷ್ಟು ಜನರನ್ನು ಕರೆಯಬೇಕು ಎಂದು ಬೆರಳು ಮಡಿಸುತ್ತಿದ್ದಳು. ಅವಳಿಗೆ ಊರಿಗೆಲ್ಲ ತೋರಿಸುವ ಆಸೆ.

ಏಪ್ರಿಲ್ 15

ಹುಡುಗ ನನ್ನ ಹಿಂದೆ ಕುರಿಕೊಟ್ಟಿಗೆಗೆ ಬರುತ್ತಾನೆ. ಕಿರಿಕಿರಿ. ಸೂಜಿ ಹಾಕುವಾಗ ಕುರಿಯ ಕಿವಿಯಲ್ಲಿ ಏನೋ ಹೇಳುತ್ತಾನೆ. ಏನು ಹೇಳಿದೆ ಎಂದು ಕೇಳಿದೆ. “ಕೂಗಬೇಡ, ಬೇಗ ಬಿಡ್ತಾರೆ” ಎಂದು ಹೇಳಿದನಂತೆ.

ಏಪ್ರಿಲ್ 28

ಇವತ್ತು ಕಟ್ಟು ಕತ್ತರಿಸಿದರು.

ಎಂಬತ್ತು ಜನ ಬಂದಿದ್ದರು. ಪಕ್ಕದ ಊರುಗಳಿಂದಲೂ. ಅಪ್ಪ ಕುರಿ ಕಡಿದ, ಅಮ್ಮ ಮೂರು ದಿನ ಹಿಟ್ಟಿನುಂಡೆ ಬೋರ್ಸೋಕ್ ಕರಿದಿದ್ದಳು. ನಮ್ಮ ಕಡೆ ಮದುವೆಯಾದ ಹೆಂಗಸರ ಓಟ ಇಡುತ್ತಾರೆ. ಗೆದ್ದವಳು ದಾರ ಕತ್ತರಿಸಿ ಮಗುವಿನ ಕೈ ಹಿಡಿದು ಏಳು ಹೆಜ್ಜೆ ನಡೆಸಬೇಕು.

ತುರ್ಸುನ್‌ನನ್ನು ಬಿಳಿ ಉಣ್ಣೆಯ ಹಾಸಿನ ಮೇಲೆ ನಿಲ್ಲಿಸಿದರು. ಹೊಸ ಟೋಪಿ, ಹೊಸ ಬೂಟು. ಓಡುವವರು ರಸ್ತೆಯಾಚೆ ಪಾಪ್ಲರ್ ಮರಗಳ ಬುಡಕ್ಕೆ ಹೋದರು. ಬಾತ್ಮಾ ಅಜ್ಜಿ ಮೊಣಕಾಲೂರಿ ಅವನ ಕಾಲಿಗೆ ದಾರ ಸುತ್ತಿದಳು. ಒಂದೇ ಸುತ್ತು ಬಿದ್ದಿತ್ತು. ಹುಡುಗ ಕೂತುಬಿಟ್ಟ. ಆಮೇಲೆ ಅಂಗಾತ ಮಲಗಿದ. ಎರಡೂ ಕೈಗಳನ್ನು ತಲೆಯ ಆಚೆ ಈಚೆ ಚಾಚಿ, ಮಣಿಕಟ್ಟು ಮೇಲೆ ಮಾಡಿ ಕಾದ. ಕೈಗಳನ್ನೂ ಕಟ್ಟಲಿ ಎಂದು.

ಮೊದಲು ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮುದುಕಿಯ ಕೈಯಲ್ಲಿ ದಾರದ ಉಂಡೆ ಹಾಗೇ ಇತ್ತು. ಹುಡುಗ ಆಕಾಶ ನೋಡುತ್ತ, ತಪ್ಪು ಮಾಡದವನ ಹಾಗೆ, ಬಹಳ ಒಳ್ಳೆಯವನ ಹಾಗೆ ಮಲಗಿದ್ದ.

ಅಮ್ಮನ ಮುಖ ನೋಡಬೇಕಿತ್ತು. ಎತ್ತಿಕೊಳ್ಳಲು ಬಾಗಿದಳು. ಅಷ್ಟರಲ್ಲಿ ಅಲ್ಲಿ ಓಟಕ್ಕೆ ಕೂಗು ಹಾಕಿಯಾಗಿತ್ತು. ಶುರುವಾದದ್ದನ್ನು ನಡುವೆ ನಿಲ್ಲಿಸಬಾರದು ಎಂದು ಅಜ್ಜಿ ಅಮ್ಮನ ತೋಳು ಹಿಡಿದಳು.

ಒಬ್ಬಳು ಉಳಿದವರಿಗಿಂತ ಇಪ್ಪತ್ತು ಹೆಜ್ಜೆ ಮುಂದಿದ್ದಳು. ಕಾಲಲ್ಲಿ ಚಪ್ಪಲಿಯಿಲ್ಲ, ತಲೆಯ ವಸ್ತ್ರ ಕುತ್ತಿಗೆಗೆ ಜಾರಿತ್ತು. ರಸ್ತೆ ದಾಟುವಾಗ ನನಗೆ ಗುರುತು ಸಿಕ್ಕಿತು.

ನುರ್ಕಿಜ್.

ಅವಳು ಅಪ್ಪನ ಕೈಯಿಂದ ಚಾಕು ಕಿತ್ತುಕೊಂಡು ದಾರ ಕತ್ತರಿಸಿದಳು. ಏಳು ಹೆಜ್ಜೆ ನಡೆಸಲಿಲ್ಲ. ಮಂಡಿಯೂರಿ ಕೂತೇ ಇದ್ದಳು, ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಅವನ ಮಣಿಕಟ್ಟು. ಹುಡುಗ ಎದ್ದು ಕೂತು ಅವಳ ಬೆರಳು ಹಿಡಿದು “ಅಮ್ಮ” ಅಂದ. ಅವನು ಎಲ್ಲರಿಗೂ ಅನ್ನುತ್ತಾನೆ. ಯಾರಿಗೂ ಏನೂ ಅನಿಸಲಿಲ್ಲ.

“ಮನೇಲಿ ಹಾಲು ಕಾಯ್ಸೋಕೆ ಎರಡು ಸಲ ಕರೀಬೇಕು. ಇಲ್ಲಿ ನೋಡಿ, ಕುದುರೆ ಥರ ಓಡ್ತಾಳೆ ನಮ್ಮ ಸೊಸೆ,” ಎಂದು ಅವಳ ಅತ್ತೆ ಬಾಯಿ ತುಂಬ ಮಾಂಸ ಇಟ್ಟುಕೊಂಡು ಹೇಳಿದಳು. ಹೊಳೆಯಾಚೆ ಊರಿಗೆ ಕೊಟ್ಟಿದ್ದಾರಂತೆ. ಎರಡು ವರ್ಷವಾಯಿತಂತೆ, ಇನ್ನೂ ಏನೂ ಇಲ್ಲವಂತೆ. ಕೊನೆಯದನ್ನು ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಅಮ್ಮ ಗೆದ್ದವಳಿಗೆಂದು ಇಟ್ಟಿದ್ದ ರೇಷ್ಮೆ ವಸ್ತ್ರ ಕೊಟ್ಟಳು. ನುರ್ಕಿಜ್ ಅದನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ಮೇ 2

ಬಂದಳು. ಬರುತ್ತಾಳೆಂದು ಗೊತ್ತಿತ್ತು. ಅತ್ತೆ ಕಳಿಸಿದ್ದು ಎಂದು ಒಂದು ಚೀಲ ಒಣ ಮೊಸರುಂಡೆ ತಂದಿದ್ದಳು. ಅಮ್ಮ ಕೆಲಸದಲ್ಲಿದ್ದಳು. ನಾವಿಬ್ಬರೂ ಕುರಿಕೊಟ್ಟಿಗೆಯ ಹಿಂದೆ ನಿಂತೆವು.

“ನಿಮ್ಮನೇಲಿ ಮಾಸ್ಕೋ ಹುಡುಗ ಇದಾನೆ ಅಂತ ಕೇಳ್ದಾಗಿಂದ ನನಗೆ ಅನ್ನ ಸೇರ್ತಿಲ್ಲ ಕಣೇ. ನೀನಿರೋ ಮನೇನೇ ಆಗ್ಬೇಕಾ?”

ಅವಳು ಆರು ತಿಂಗಳಾದ ಮೇಲೆ ಹೋಗಿದ್ದಳಂತೆ. ಆಗಸ್ಟಿನಲ್ಲಿ. ನಾನು ಏಪ್ರಿಲ್‌ನಲ್ಲೇ ಬೇರೆ ಕ್ಯಾಂಟೀನಿಗೆ ಹೋಗಿಬಿಟ್ಟಿದ್ದೆ. ಗೇಟಿನಲ್ಲೇ ನಿಲ್ಲಿಸಿ ಅವಳ ಕಾಗದವನ್ನೇ ಅವಳಿಗೆ ತೋರಿಸಿ ಏನೋ ಹೇಳಿದರಂತೆ. ಒಂದು ಮಾತೂ ತಿಳಿಯಲಿಲ್ಲ. ಮೂರು ದಿನ ಹೋದಳು. ನಾಲ್ಕನೆಯ ದಿನ ಪೊಲೀಸರನ್ನು ಕರೆದರು.

“ನಿನ್ನ ಮೇಲೆ ಸಿಟ್ಟಿಲ್ಲ. ನೀನೂ ಮಗೂನೇ ಆಗಿದ್ದೆ. ತಪ್ಪು ಓದಿರ್ತೀಯ,” ಅಂದಳು.

ತಪ್ಪು ಓದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕೇಳಿಬಿಟ್ಟಳು. “ಇವನು ಅವನೇನಾ?”

“ಕಚೇರಿಯವರು ತಾಯಿ ಹೆಸರು ಹೇಳಲ್ಲ, ಎಜೆ.”

ಇದು ನಿಜ. ಕಚೇರಿಯವರು ಹೇಳುವುದಿಲ್ಲ.

ಗಂಡ ಲಾರಿ ಓಡಿಸುತ್ತಾನಂತೆ. ಅವನಿಗೆ ಗೊತ್ತಾದರೆ ತನ್ನನ್ನು ಹೊಳೆಗೆ ಹಾಕುತ್ತಾನೆ ಅಂದಳು, ನಾಳೆ ಮೋಡ ಕವಿಯುತ್ತದೆ ಅನ್ನುವ ಧ್ವನಿಯಲ್ಲಿ. ಹೋಗುವಾಗ ಗೇಟಿನ ಚಿಲಕವನ್ನು ಕೈಯೆತ್ತಿ ಮುಟ್ಟಿ ನೋಡಿದಳು.

ಮೇ 9

ವಾರದಲ್ಲಿ ಮೂರು ಸಲ ಬಂದಳು. ಅಮ್ಮನ ಹತ್ತಿರ ಉಣ್ಣೆ ಹಾಸಿಗೆ ಚಿತ್ತಾರ ಹೊಲಿಯುವುದನ್ನು ಕಲಿಯುತ್ತಿದ್ದಾಳೆ. ಅಮ್ಮನಿಗೆ ಅವಳೆಂದರೆ ಇಷ್ಟ. ನಮ್ಮ ಬುರುಲ್ ಎರಡು ಹೊಲಿಗೆ ಹಾಕೋದ್ರಲ್ಲಿ ಎದ್ದು ಓಡ್ತಾಳೆ, ನಿನ್ನ ಕೈ ತಾಳ್ಮೆಯದು ಅಂದಳು. ಮಾತಿನ ಮಧ್ಯೆ ತುರ್ಸುನ್‌ನ ಜನನ ಪತ್ರ ತೋರಿಸಿದಳು, ನೋಡು ನಮ್ಮ ಮನೆತನದ ಹೆಸರು ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದು. ನುರ್ಕಿಜ್ ಹೆಸರು ನೋಡಲಿಲ್ಲ. ಬೆರಳಲ್ಲಿ ತಿಂಗಳು ಎಣಿಸಿದಳು.

ಹೊರಗೆ ಬಂದು ನನ್ನನ್ನು ಕೇಳಿದಳು. “ಜುಲೈ ಅಂತಿದೆ. ದಿನ ಬದಲಾಯಿಸ್ತಾರಂತೆ, ಹೌದಾ?”

ಗೊತ್ತಿಲ್ಲ ಅಂದೆ. ಕುರಿಗಳು ಗಲಾಟೆ ಮಾಡುತ್ತಿದ್ದವು, ಯೋಚಿಸಲು ಹೊತ್ತಿರಲಿಲ್ಲ.

ಮೇ 17

ಮೂರು ಗಂಟೆಗೆ ಶಿಶುವಿಹಾರದ ಮುಂದೆ ಹಾದುಹೋಗುವಾಗ ಒಳಗೆ ಇಣುಕಿದೆ. ಅಮ್ಮ ಈಗ ದಿನಾ ಜೊತೆಗೆ ಕರೆದೊಯ್ಯುವ ತುರ್ಸುನ್ ಇರಲಿಲ್ಲ. ಅಮ್ಮ ಹಿಂದಿನ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು, ಏನೂ ಗೊತ್ತಿಲ್ಲ. ಆಯಾ ನಿರಾಳವಾಗಿ ಹೇಳಿದಳು, ನಿಮ್ಮ ಮನೆಗೆ ಬರುವ ಆ ಸೊಸೆ ಕರ್ಕೊಂಡು ಹೋದಳು, ಮಗು ಅಮ್ಮ ಅಂತ ಓಡಿ ಕೈ ಹಿಡಿಯಿತು, ಇನ್ನೇನು ಕೇಳೋದು.

ಅಪ್ಪನ ಕುದುರೆ ತೆಗೆದುಕೊಂಡು ಸೇತುವೆಗೆ ಹೋದೆ. ನಾರಿನ್ ವ್ಯಾನುಗಳು ನಿಲ್ಲುವುದು ಅಲ್ಲೇ. ಹೊಳೆ ಕೆಂಪಾಗಿ, ದಡ ತುಂಬಿ ಹರಿಯುತ್ತಿತ್ತು. ಮೇಲಿನ ಹಿಮ ಕರಗುವ ಕಾಲ. ಸೇತುವೆಯ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು, ನೀರಿಗೆ ಬೆನ್ನು ಮಾಡಿ. ಹುಡುಗ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು.

ವ್ಯಾನು ಬಂದು ಹೋಯಿತಂತೆ. ಅವಳು ಹತ್ತಲಿಲ್ಲ.

“ಎಲ್ಲಿಗೆ ಅಂತ ಕೇಳ್ತಾನೆ, ಆಗ ಏನು ಹೇಳ್ಲಿ ಅಂತ ದಾರಿಯುದ್ದಕ್ಕೂ ಯೋಚ್ನೆ ಮಾಡ್ದೆ. ಕೇಳ್ಲೇ ಇಲ್ಲ ಬುರುಲ್. ಒಂದು ಸಲಾನೂ ಕೇಳ್ಲಿಲ್ಲ.”

ಅವಳಿಗೆ ಅಳು ಬರುತ್ತಿರಲಿಲ್ಲ. ಹೆದರಿಕೆ ಬಂದಿತ್ತು. ನಾನು ಕೆಳಗಿಳಿದು ಹುಡುಗನತ್ತ ಕೈ ಚಾಚಿದೆ. ಅವಳ ಕೈ ಬಿಟ್ಟು ನನ್ನ ಕೈ ಹಿಡಿದ, ಅಷ್ಟೇ ಸುಲಭವಾಗಿ. ಅದನ್ನು ಅವಳೂ ನೋಡಿದಳು.

ಶಿಶುವಿಹಾರದಿಂದ ನಾನೇ ಬೇಗ ಕರೆದುಕೊಂಡು ಬಂದೆ ಎಂದು ಅಮ್ಮನಿಗೆ ಹೇಳಿದೆ. ಒಂದು ಲೆಕ್ಕದಲ್ಲಿ ನಿಜವೇ, ಮನೆಗೆ ಕರೆದುಕೊಂಡು ಬಂದವಳು ನಾನೇ. ಆಯಾಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದೇನೆ, ಕೆಲಸ ಹೋಗುತ್ತದೆ ಅಂದೆ.

ಮೇ 18

ಇವತ್ತು ಅಮ್ಮನಿಗೆ ಎಲ್ಲ ಹೇಳಿಬಿಡಬೇಕೆಂದು ನಿರ್ಧರಿಸಿದೆ. ಅವಳು ಒಬ್ಬಳೇ ಉಣ್ಣೆ ಬಡಿಯುತ್ತಿದ್ದಳು. ಎದುರಿಗೆ ಕೂತೆ.

“ಅಮ್ಮ, ತುರ್ಸುನ್ ಯಾರ ಮಗ ಅಂತ ನನಗೆ ಗೊತ್ತು.”

ಬಡಿಯುವ ಕೋಲು ನಿಂತಿತು. ಅಮ್ಮ ಬಾಗಿಲ ಕಡೆ ನೋಡಿ, ಎದ್ದು ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಕೈಯಲ್ಲಿ ಕುರಿಯ ವಾಸನೆ.

“ಹೇಳ್ಬೇಡ. ನನಗೂ ಗೊತ್ತು ಮಗಳೇ. ಆ ಫೋಟೋ ಮೇಲೆ ಬೆರಳಿಟ್ಟೆಯಲ್ಲ, ಆವತ್ತೇ ಗೊತ್ತಾಯ್ತು. ಮಾಸ್ಕೋದಿಂದ ಬಂದು ಎರಡು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ಯಲ್ಲ, ಹೆತ್ತ ತಾಯಿಗೆ ತಿಳಿಯಲ್ವಾ?”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವಳು ಅವನನ್ನು ನನ್ನ ಮಗ ಎಂದುಕೊಂಡಿದ್ದಾಳೆ. ನಾನು ಹೆತ್ತು, ಬಿಟ್ಟು ಬಂದ ಮಗ.

ಅಮ್ಮ ಮಾತಾಡುತ್ತಲೇ ಹೋದಳು. ಮೊದಲ ಮೊಮ್ಮಗ ಅಜ್ಜ ಅಜ್ಜಿಯ ಮಗ, ಅದು ನಮ್ಮ ಪದ್ಧತಿ. ಅಕ್ಕಂದಿರ ಮೊದಲ ಮಕ್ಕಳನ್ನು ಅವರ ಅತ್ತೆಯಂದಿರು ತೆಗೆದುಕೊಂಡರು, ಅದು ಅವರ ಹಕ್ಕು. ತನ್ನ ಮಡಿಲಿಗೆ ಯಾರನ್ನೂ ಹಾಕಲಿಲ್ಲ. ಈಗ ದೇವರು ಸುತ್ತು ದಾರಿಯಲ್ಲಿ ತಂದುಕೊಟ್ಟಿದ್ದಾನೆ. ಅಪ್ಪನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

“ಯಾರದೋ ಆಗಿದ್ರೆ ಇಷ್ಟು ಜೀವ ಬಿಡ್ತಿದ್ನಾ ನಾನು? ಇವನ ಕಿವಿ ನೋಡು, ನಮ್ಮಪ್ಪಂದೇ ಕಿವಿ.”

ಅವಳು ನಗುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು. ನನ್ನ ತಲೆಯನ್ನು ಎದೆಗೊತ್ತಿಕೊಂಡಳು. ಚಿಕ್ಕವಳಿದ್ದಾಗಿನಿಂದ ಹಾಗೆ ಮಾಡಿರಲಿಲ್ಲ.

ನಾನು ಸುಮ್ಮನಿದ್ದೆ. ಸುಮ್ಮನಿರುವುದು ಸುಳ್ಳಲ್ಲ.

ಮೇ 24

ನಾಲ್ಕು ದಿನ ಹುಡುಗನಿಗೆ ಜ್ವರ. ಅಮ್ಮ ಕೆಲಸಕ್ಕೆ ಹೋಗಲಿಲ್ಲ, ಬಟ್ಟೆ ಬದಲಿಸಲಿಲ್ಲ. ಕುರಿಯ ಬಾಲದ ಕೊಬ್ಬು ಕಾಯಿಸಿ ಎದೆಗೆ ಹಚ್ಚುತ್ತ ಪಕ್ಕದಲ್ಲೇ ಇದ್ದಳು. ಇವತ್ತು ಜ್ವರ ಬಿಟ್ಟಿತು. ಬೆಳಿಗ್ಗೆ ಆರಕ್ಕೆ ಅವನು ಹಾಸಿಗೆಯ ಅಂಚಿನಲ್ಲಿ ಕೂತಿರಲಿಲ್ಲ. ಅಮ್ಮನ ತೋಳಿನ ಮೇಲೆ ಬಾಯಿ ತೆರೆದು ಮಲಗಿದ್ದ. ಎಂಟರವರೆಗೂ.

ಅಮ್ಮ ನೀರು ತರಲು ಎದ್ದಳು. ಅವನು ಅತ್ತ. ಜೋರಾಗಿ, ಕೆಟ್ಟದಾಗಿ, ಮೂಗು ಸುರಿಸಿಕೊಂಡು. ಅಪ್ಪ ಅಂಗಳದಿಂದ ಏನಾಯಿತೋ ಎಂದು ಓಡಿ ಬಂದ. ನಾನು ಹೊರಗೆ ಹೋಗಿ ಕಾಲುವೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ.

ಮೇ 26

ನುರ್ಕಿಜ್ ಜ್ವರದ ಸುದ್ದಿ ಕೇಳಿ ಸಕ್ಕರೆ ತಂದಳು. ಬಾಗಿಲಲ್ಲೇ ಕೂತು ಕೈ ಚಾಚಿದಳು. “ಬಾ ಮರಿ.”

ತುರ್ಸುನ್ ಅವಳ ಕೈ ನೋಡಿದ. ಆಮೇಲೆ ಅಮ್ಮನ ಲಂಗದ ಹಿಂದೆ ಹೋಗಿ ನಿಂತ. ಲಂಗವನ್ನು ಮುಖದ ಮೇಲೆ ಎಳೆದುಕೊಂಡ.

“ಅಯ್ಯೋ, ಎಲ್ಲಿ ಕಲಿತ ಈ ನಾಚಿಕೆ?” ಎಂದು ಬಾತ್ಮಾ ಅಜ್ಜಿಗೆ ಬೇಜಾರು. “ಜ್ವರ ಕೆಡಿಸಿಬಿಡ್ತು ಮಗೂನ.”

ಚಾಚಿದ ಕೈಯನ್ನು ನುರ್ಕಿಜ್ ಬಹಳ ಹೊತ್ತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಜೂನ್ 1

ಕಾಲುವೆಯ ಹತ್ತಿರ ಕಾಯುತ್ತಿದ್ದಳು. ತೆಳ್ಳಗಾಗಿದ್ದಾಳೆ. ಇನ್ನು ಆಗುವುದಿಲ್ಲ ಅಂದಳು. ರಕ್ತ ಪರೀಕ್ಷೆ ಮಾಡಿದರೆ ತಿಳಿಯುತ್ತದಂತೆ, ಬಿಷ್ಕೆಕ್‌ನಲ್ಲಿ ಮಾಡುತ್ತಾರಂತೆ. ಗಂಡನಿಗೆ ತಾನೇ ಹೇಳುತ್ತಾಳಂತೆ, ಕೊಂದರೂ ಸರಿ. ಅದಕ್ಕೆ ಮೊದಲು ನನ್ನನ್ನು ಒಂದು ಸಲ ಕೇಳಬೇಕು.

ಚೀಲದಿಂದ ಒಂದು ದುಂಡು ರೊಟ್ಟಿ ತೆಗೆದು ನನ್ನ ಎರಡೂ ಅಂಗೈ ಮೇಲಿಟ್ಟಳು. ಬೆಳಿಗ್ಗೆ ಸುಟ್ಟದ್ದು, ಒಳಗೆ ಇನ್ನೂ ಬಿಸಿಯಿತ್ತು.

“ಇದನ್ನ ಹಿಡ್ಕೊಂಡು ಹೇಳು. ಅವನು ನನ್ನವನಾ? ನೀನು ಹೇಳಿದ್ದನ್ನ ನಂಬ್ತೀನಿ. ಊರೆಲ್ಲ ಹೇಳುತ್ತೆ, ಬುರುಲ್ ಸುಳ್ಳು ಹೇಳಲ್ಲ ಅಂತ.”

ರೊಟ್ಟಿ ಹಿಡಿದು ಸುಳ್ಳು ಹೇಳಿದವರಿಗೆ ಆ ರೊಟ್ಟಿಯ ಶಾಪವೇ ತಟ್ಟುತ್ತದೆ ಎಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಅದನ್ನು ಯೋಚಿಸಲಿಲ್ಲ. ಕೋಲ್ಯ ಎಂದಿದ್ದ ಕಾಗದವನ್ನೂ ಯೋಚಿಸಲಿಲ್ಲ. ಲಂಗದ ಹಿಂದಿನಿಂದ ಕಾಣುತ್ತಿದ್ದ ಎರಡು ಬೂಟುಗಳು ಕಣ್ಣ ಮುಂದೆ ಬಂದವು.

“ಅವನು ನನ್ನ ಮಗ, ಎಜೆ,” ಅಂದೆ.

ಅವಳಿಗೆ ಕೇಳಿಸಲಿಲ್ಲವೋ ಏನೋ. ಮತ್ತೆ ಹೇಳಿದೆ. “ನಾನೇ ಹೆತ್ತಿದ್ದು. ಜುಲೈನಲ್ಲಿ. ನೀನು ಹೆತ್ತಾಗ ನನಗೆ ನಾಲ್ಕು ತಿಂಗಳು. ವಸ್ತ್ರದಲ್ಲಿ ಬಿಗಿದು ಕಟ್ಕೊಳ್ತಿದ್ದೆ. ನಿನ್ನ ಹೊಟ್ಟೆ ನೋಡ್ಕೊಳ್ಳೋದೇ ಆಗಿತ್ತು ನಿನಗೆ, ನನ್ನದನ್ನ ಯಾರು ನೋಡಿದ್ರು?”

ಮಾತು ತಾನಾಗಿ ಬಂತು. ಎಲ್ಲಿಯೂ ತಡೆಯಲಿಲ್ಲ. ಮೊದಲೇ ಬರೆದಿಟ್ಟದ್ದನ್ನು ಓದಿದ ಹಾಗೆ.

ನುರ್ಕಿಜ್ ಕೆಳಗೆ ಕೂತಳು. ನೀರನ್ನು ನೋಡಿದಳು. “ಹಾಗಾದ್ರೆ ನನ್ನವನು ಎಲ್ಲಿ?” ಅಂದಳು. ನನ್ನನ್ನು ಕೇಳಿದ್ದಲ್ಲ.

ಆಮೇಲೆ ಎದ್ದು ಬಂದು ನನ್ನ ಕೆನ್ನೆ ಸವರಿದಳು. “ನಿಂದೂ ನನ್ನ ಥರಾನೇ ಆಯ್ತಲ್ಲೇ. ಒಬ್ಳೇ ಹೇಗೆ ತಡ್ಕೊಂಡೆ?” ಅಂದಳು. ಅವಳ ಕೈ ತಣ್ಣಗಿತ್ತು. ರೊಟ್ಟಿಯನ್ನು ಎರಡು ಮಾಡಿ ನನಗರ್ಧ ಕೊಟ್ಟಳು. ನಿಂತೇ ತಿಂದೆವು. ಹಸಿವಾಗಿತ್ತು, ಪೂರ್ತಿ ತಿಂದೆ.

ಜೂನ್ 4

ಅಂಗಡಿಗೆ ಹೋದಾಗ ಹೆಂಗಸರು ಮಾತು ನಿಲ್ಲಿಸಿದರು. ಅಂಗಡಿಯವಳು ಉಪ್ಪು ಕೊಡುವಾಗ ನನ್ನ ಹೊಟ್ಟೆಯ ಕಡೆ ನೋಡಿದಳು, ಅದು ಈಗಲೂ ಅಲ್ಲೇ ಇರುವ ಹಾಗೆ.

ಸಂಜೆ ಬಾತ್ಮಾ ಅಜ್ಜಿ ಬಂದು ಎಲ್ಲ ಹೇಳಿದಳು. ಸೇತುವೆಯ ಮೇಲೆ ನುರ್ಕಿಜ್ ಹುಡುಗನ ಜೊತೆ ಕೂತದ್ದನ್ನು ಯಾರೋ ನೋಡಿ ಅವಳ ಅತ್ತೆಗೆ ಹೇಳಿದ್ದರು. ಅತ್ತೆ ಮಗನ ಎದುರಿಗೇ ಕೇಳಿದ್ದಾಳೆ, ಆ ಮನೆಯಲ್ಲಿ ನಿನಗೇನು ಕೆಲಸ, ಆ ಮಗು ನಿನಗೇನಾಗಬೇಕು ಎಂದು. ನುರ್ಕಿಜ್ ಹೆದರಿ, ನನಗೇನೂ ಅಲ್ಲ, ಅದು ಬುರುಲ್ ಮಗ, ಅವಳ ಕಷ್ಟಕ್ಕೆ ಹೋಗ್ತಿದ್ದೆ ಅಂದಿದ್ದಾಳೆ.

“ನನಗೆ ಮೊದ್ಲೇ ಅನುಮಾನ ಇತ್ತು,” ಅಂದಳು ಅಜ್ಜಿ. “ಆದ್ರೂ ನೀನು ಬಾಯಿಬಿಟ್ಟು ಹೇಳ್ಬಾರ್ದಿತ್ತು. ಗೊತ್ತಿರೋದು ಬೇರೆ, ಹೇಳೋದು ಬೇರೆ.”

ಅಪ್ಪ ಕೇಳಿಸಿಕೊಂಡು ಕುದುರೆಯ ಜೀನು ಬಿಗಿದು ಎಲ್ಲಿಗೋ ಹೋದ.

ಜೂನ್ 5

ಅಪ್ಪ ಮಾತಾಡಿದ. ನನ್ನ ಜೊತೆಯಲ್ಲ, ಅಮ್ಮನ ಜೊತೆ, ನಾನು ಅಲ್ಲೇ ಕೂತಿರುವಾಗ. ಹುಡುಗ ಇಲ್ಲೇ ಇರಲಿ. ಅವನು ನನ್ನ ಮಗ, ಕಾಗದದಲ್ಲಿ ಹಾಗೇ ಇದೆ, ಯಾರು ಕೇಳಿದರೂ ಹಾಗೇ ಹೇಳುತ್ತೇನೆ. ಆದರೆ ಇವಳು ಕಣ್ಣ ಮುಂದೆ ಓಡಾಡುತ್ತಿದ್ದರೆ ಜನರ ಬಾಯಿ ಮುಚ್ಚುವುದಿಲ್ಲ. ನಾಳೆ ಹುಡುಗನ ಮುಖಕ್ಕೇ ಅನ್ನುತ್ತಾರೆ. ಇವಳು ಒಂದಷ್ಟು ವರ್ಷ ದೂರ ಇರಲಿ.

ಅಮ್ಮ ಅತ್ತಳು. ಆದರೆ ಬೇಡ ಅನ್ನಲಿಲ್ಲ.

ಇವನು ನನ್ನ ಮಗನಲ್ಲ ಎಂದು ಅಪ್ಪನಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ತುರ್ಸುನ್ ಅಮ್ಮನ ತೊಡೆಯ ಮೇಲೆ ಕೂತು, ಕೇಳದೆಯೇ, ಅವಳ ಬಟ್ಟಲಿನಿಂದ ಚಹಾ ಕುಡಿಯುತ್ತಿದ್ದ.

ಮಾಸ್ಕೋದ ಹಳೆಯ ಕ್ಯಾಂಟೀನಿಗೆ ಫೋನು ಮಾಡಿದೆ. ಬಾ ಅಂದರು.

ಜೂನ್ 7

ಬಟ್ಟೆ ಕಟ್ಟಿಯಾಯಿತು. ಅಮ್ಮ ದಾರಿಗೆಂದು ಬೋರ್ಸೋಕ್ ಕರಿದಳು. ಹೊಸ ಸುದ್ದಿಯೊಂದನ್ನೂ ಹೇಳಿದಳು. ಶಿಶುವಿಹಾರದ ಅಡುಗೆಮನೆಗೆ ಇನ್ನೊಬ್ಬಳು ಬೇಕಿತ್ತಂತೆ. ಸೋಮವಾರದಿಂದ ನುರ್ಕಿಜ್ ಬರುತ್ತಾಳೆ. ಅಮ್ಮನೇ ಹೇಳಿ ಕೊಡಿಸಿದ್ದು. ಬಾಯಿತಪ್ಪಿ ಹೇಳಿದ್ದಕ್ಕೆ ಆ ಹುಡುಗಿ ಬಂದು ಕಾಲು ಹಿಡಿದು ಅತ್ತಳಂತೆ. “ಪಾಪ, ಮಕ್ಕಳಿಲ್ಲದವಳು. ಮಕ್ಕಳ ಮಧ್ಯೆ ಇದ್ರೆ ಅವಳಿಗೂ ಸಮಾಧಾನ. ನೀನಿಲ್ಲದಾಗ ತುರ್ಸುನ್‌ಗೂ ಒಬ್ಬಳು ಆಗ್ತಾಳೆ.”

ನಾನು ಒಳ್ಳೆಯದಾಯಿತು ಅಂದೆ.

ಮಧ್ಯಾಹ್ನ ನುರ್ಕಿಜ್ ಗೇಟಿನ ಹತ್ತಿರ ಬಂದಳು. ಒಳಗೆ ಬರಲಿಲ್ಲ. ನಾಲ್ಕು ಮಡಿಕೆ ಮಾಡಿದ ಚೀಟಿಯೊಂದನ್ನು ನನ್ನ ಕೈಗಿಟ್ಟಳು. ಯಾರಿಂದಲೋ ರಷ್ಯನ್ನಿನಲ್ಲಿ ಬರೆಸಿದ್ದಾಳೆ. ಫೆಬ್ರವರಿಯ ತಾರೀಖು, ಆಸ್ಪತ್ರೆ, ಗಂಡು ಮಗು, ಎರಡು ಕಿಲೋ ಎಂಟುನೂರ ಐವತ್ತು ಗ್ರಾಂ.

“ನೀನು ಹೇಗೂ ಅಲ್ಲೇ ಇರ್ತೀಯಲ್ಲ. ನಿನಗೆ ಓದೋಕೆ ಬರುತ್ತೆ. ಎಲ್ಲಿದಾನೆ ಅಂತ ವಿಚಾರಿಸ್ತೀಯಾ? ಕರ್ಕೊಂಡು ಬರೋದು ಬೇಡ. ಇದಾನೆ ಅಂತ ಗೊತ್ತಾದ್ರೆ ಸಾಕು.”

ಹುಡುಕುತ್ತೇನೆ ಅಂದೆ. ಮೊದಲು ಆಸ್ಪತ್ರೆಗೆ, ಅಲ್ಲಿಂದ ಅನಾಥಾಲಯಗಳಿಗೆ ಹೋಗುತ್ತೇನೆ, ಸ್ವಲ್ಪ ಕಾಲ ಹಿಡಿಯಬಹುದು ಎಂದೆಲ್ಲ ಹೇಳಿದೆ. ಅವಳಿಗೆ ಧೈರ್ಯ ಬಂದ ಹಾಗಿತ್ತು. ತಿಂಗಳಿಗೊಂದು ಸಲ ಫೋನು ಮಾಡು ಅಂದಳು. ಮಾಡುತ್ತೇನೆ ಅಂದೆ.

ಹಿಂತಿರುಗಿ ಹೋಗುವಾಗ ಅವಳು ಕಿಟಕಿಯ ಕಡೆ ನೋಡಿದಳು. ಒಳಗೆ ತುರ್ಸುನ್ ಅಮ್ಮನಿಗೆ ಹಿಟ್ಟು ನಾದಿಕೊಡುತ್ತಿದ್ದ.

ನಾಳೆ ಬೆಳಿಗ್ಗೆ ಆರೂವರೆಗೆ ಸೇತುವೆಯಿಂದ ಬಿಷ್ಕೆಕ್ ವ್ಯಾನು. ನಾನು ಹೊರಡುತ್ತಿದ್ದೇನೆ.